ಸುಂಕಪ್ಪನ ಹೊಲದ ಕಡೇ ಸಾಲು

ಗಬ್ಬೂರಿನ ಸುಂಕಪ್ಪ ಆ ದಿನ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. "ಇವತ್ತು ನನ್ನ ಹೊಲಕ್ಕ ಬೀಜದ ಸಾಹೇಬ್ರು ಬರ್ತಾರ" ಎಂದು ಕಟ್ಟೆಯ ಮೇಲೆ ಕುಳಿತವರ ಮುಂದೆ ಮೀಸೆ ತಿರುವಿದ.

ಬೀಜದ ಸಾಹೇಬರೆಂದರೆ ರಾಯಚೂರಿನ ಮಹಮ್ಮದ್ ಹುಸೇನ್ ಸಾಹೇಬರು, ನಿಜಾಮರ ಸರಕಾರದ ಬೇಸಾಯದ ಅಧಿಕಾರಿ. ಈ ಒಣ ಸೀಮೆಯಲ್ಲಿ ಮೆಕ್ಕೆಜೋಳದ ಇಳುವರಿ ಯಾಕೆ ಕಡಿಮೆ ಎಂದು ತಿಳಿಯಲು ಮಾನ್ವಿ, ದೇವದುರ್ಗದ ಊರೂರಿಗೆ ಬೀಜ ಹಂಚಿದ್ದರು. ಗಬ್ಬೂರಿನಲ್ಲಿ ತಮಗೆ ಮೆಚ್ಚುಗೆಯಾದವರಿಗೆ ಕಬ್ಬಿಣದ ರಂಟೆ ಇನಾಮು ಎಂದಿದ್ದರು. ಊರಲ್ಲಿ ಹೊಲ ಉಳುವ ರಂಟೆಗಳೆಲ್ಲ ಕಟ್ಟಿಗೆಯವು. ಬೀಜ ಬಿತ್ತಿದವನು ಸುಂಕಪ್ಪ ಒಬ್ಬನೇ. ಬಾವಿಯ ನೀರು ಹಾಯಿಸಿ ಆರು ಚಿಕ್ಕ ಸಾಲು ಬೆಳೆಸಿದ್ದ. ರಂಟೆ ಬರುವ ಸುದ್ದಿಯನ್ನು ತನ್ನ ಎತ್ತುಗಳಿಗೂ ಹೇಳಿಬಿಟ್ಟಿದ್ದ.

ಸುದ್ದಿ ಕೇಳಿದ ನೆರೆಯವರು ಸಲಹೆ ಕೊಡಲು ಹೊಲಕ್ಕೇ ಬಂದರು. ಹೊಲಕ್ಕೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ಆ ಕಡೆ ಇಲ್ಲ. ಸುಂಕಪ್ಪ ಸಗಣಿ ಕುಳ್ಳಿನ ಬೆಂಕಿ ಮಾಡಿ ಹಸಿ ತೆನೆ ಸುಡತೊಡಗಿದ.

"ಸಾಹೇಬ್ರು ಕೇಳಿದ್ರ ಮಳಿ ಕಡಿಮಿ ಆತು ಅನ್ನು" ಎಂದ ಪಕ್ಕದ ಹೊಲದ ಸೂಗಪ್ಪ, ಎರಡನೇ ತೆನೆಗೆ ಉಪ್ಪು-ಖಾರ ಸವರುತ್ತ.

"ಮಳಿ ಅಲ್ಲಲೇ! ಎರಿ ಭೂಮ್ಯಾಗ ನೀರು ನಿಂತು ಬೇರು ಕೊಳೀತಾವ" ಎಂದು ಯಂಕೋಬ ಮೂರನೆಯದಕ್ಕೆ ಕೈ ಹಾಕಿದ.

"ಗಿಣಿ ಕಾಟ ಭಾಳ ಐತಿ ನೋಡು" ಎಂದ ಬಳೆ ಮಾರುವ ಪೀರಾ ಸಾಬ್, ಬಾಯಿ ತುಂಬ ಕಾಳು ತುಂಬಿಕೊಂಡು.

"ಹೌದು ಬಿಡ್ರಿ, ಈ ವರ್ಷ ಗಿಣಿ ನೆಲದ ಮ್ಯಾಲ ಕುಂತು ತಿನ್ನಾಕತ್ತಾವ" ಎಂದಳು ಸುಂಕಪ್ಪನ ಹೆಂಡತಿ ಯಮನಮ್ಮ. ಗಿಣಿಗಳಿಗೆ ಅರ್ಥವಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಐದು ಸಾಲು ಬೋಳಾಗಿದ್ದವು. ಕಡೇ ಸಾಲಿಗೂ ಸೂಗಪ್ಪ ಕೈ ಚಾಚಿದ. ಬೇಡ ಎನ್ನಲು ಸುಂಕಪ್ಪನಿಗೆ ಮರ್ಯಾದೆ ಅಡ್ಡಬಂತು. ಸುಳ್ಳಿಗೆ ಏನೂ ಅಡ್ಡ ಬರಲಿಲ್ಲ.

"ಅದನ್ನ ಮುಟ್ಟಬ್ಯಾಡ್ರೋ! ಹಂದಿ ಸಾಯ್ಲಿ ಅಂತ ಆ ಸಾಲಿಗೆ ಪಾಷಾಣ ಹಚ್ಚೀನಿ!"

ಪೀರಾ ಸಾಬ್ ಬಿಳಿಚಿಕೊಂಡ. "ಹಾಯ್ ಅಲ್ಲಾ! ನಾ ಆಗ್ಲೇ ಅದ್ರಾಗಿಂದ ಒಂದು ತಿಂದೀನಲ್ಲೋ!" ಎಂದು ಹೊಟ್ಟೆ ಹಿಡಿದು ಉರುಳಿದ. ಅವನನ್ನು ನೋಡಿ ಉಳಿದಿಬ್ಬರ ಹೊಟ್ಟೆಯೂ ನೋಯತೊಡಗಿತು. ಹುಣಸೆಹಣ್ಣಿನ ನೀರು ಕುಡಿಸಿದರೂ ನರಳಾಟ ನಿಲ್ಲಲಿಲ್ಲ.

"ಸುಳ್ಳು ಹೇಳಿದ್ನೆಪ್ಪಾ! ಪಾಷಾಣ ಇಲ್ಲ, ಏನೂ ಇಲ್ಲ!" ಎಂದು ಸುಂಕಪ್ಪ ಕೈಮುಗಿದ.

"ಇಲ್ಲಂದ್ರ ನೀನ ತಿಂದು ತೋರ್ಸು" ಎಂದು ಯಂಕೋಬ ಬಾರುಕೋಲು ಎತ್ತಿದ.

ಸುಂಕಪ್ಪ ಒಂದು ತಿಂದ. "ಅದಕ್ಕ ಹಚ್ಚಿರಾಕಿಲ್ಲ, ಇದನ್ನ ತಿನ್ನು" ಎಂದ ಪೀರಾ ಸಾಬ್. ಅದನ್ನೂ ತಿಂದ. "ಆ ತುದೀದು?" ಎಂದ ಸೂಗಪ್ಪ. ಸುಡಲು ಪುರುಸೊತ್ತು ಕೊಡದೆ ಸಾಲಿಡೀ ತಿನ್ನಿಸಿದರು. ಕೊನೆಯ ತೆನೆ ಗಂಟಲಲ್ಲಿರುವಾಗಲೇ ಟಾಂಗಾ ಬಂದು ನಿಂತಿತು. ಅದರಲ್ಲಿ ಸಾಹೇಬರಿದ್ದರು, ರಂಟೆಯೂ ಇತ್ತು.

ಸಾಹೇಬರು ಬೋಳು ದಂಟುಗಳನ್ನು ನೋಡಿದರು. "ಇಳುವರಿ ಎಲ್ಲಪ್ಪಾ?"

ಮೀಸೆಗೆ ಅಂಟಿದ್ದ ತೆನೆಯ ಎಳೆ ಒರೆಸಿಕೊಳ್ಳುತ್ತ ಸುಂಕಪ್ಪ ಬೆಳಗಿನಿಂದ ಕಲಿತದ್ದನ್ನೆಲ್ಲ ಒಪ್ಪಿಸಿದ: "ಮಳಿ ಕಡಿಮಿ ಆತ್ರೀ... ಎರಿ ಭೂಮಿ... ಗಿಣಿ ಕಾಟ..."

"ಮಾನ್ವಿಯಿಂದ ಇಲ್ಲೀತನಕ ಎಲ್ಲರೂ ಇದನ್ನೇ ಹೇಳಿದ್ರು" ಎಂದು ಸಾಹೇಬರು ನಿಟ್ಟುಸಿರು ಬಿಟ್ಟರು.

ಜೀವ ಉಳಿದ ಖುಷಿಯಲ್ಲಿದ್ದ ಸೂಗಪ್ಪನಿಗೆ ತಡೆಯಲಾಗಲಿಲ್ಲ. "ಗಿಣಿ ಎಲ್ಲೀದ್ರೀ ಸಾಹೇಬ್ರ? ನಾವ ತಿಂದ್ವಿ. ಉಳಿದದ್ದು ಇವನ ತಿಂದ."

ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎರಡು ತಾಲೂಕಿನಾಗ ಖರೇ ಹೇಳಿದವ ನೀನೊಬ್ಬನೇ!" ಎಂದು ರಂಟೆಯನ್ನು ಸೂಗಪ್ಪನ ಹೆಗಲಿಗೇರಿಸಿ ಹೊರಟುಹೋದರು.

ಸಂಜೆ ಸುಂಕಪ್ಪ ಹೊಟ್ಟೆನೋವಿನಿಂದ ಹೊರಳಾಡುತ್ತಿದ್ದಾಗ ಬಾಗಿಲಲ್ಲಿ ಸೂಗಪ್ಪ ನಿಂತಿದ್ದ.

"ಈ ರಂಟಿ ಭಾಳ ಭಾರ ಐತೋ. ಎಳಿಯಾಕ ನನ್ನ ಹತ್ರ ಎತ್ತಿಲ್ಲ, ನಿನ್ನವು ಕೊಡು. ನಾನೂ ಮೆಕ್ಕಿಜೋಳ ಹಾಕ್ತೀನಿ. ತೆನಿ ಆದಾಗ ತಿನ್ನಾಕ ಬಾ."

ತಿನ್ನುವ ಮಾತು ಕೇಳಿ ಸುಂಕಪ್ಪ ಗೋಡೆಯ ಕಡೆ ಹೊರಳಿದ. ಯಮನಮ್ಮ ಎತ್ತು ಬಿಚ್ಚಿಕೊಟ್ಟಳು. ರಂಟೆಯ ಸುದ್ದಿ ಮೊದಲೇ ಕೇಳಿದ್ದ ಅವು ಖುಷಿಯಿಂದ ಸೂಗಪ್ಪನ ಹಿಂದೆ ಹೋದವು.