ರೋಗ ಮೊದಲ ಬಂದದ್ದು ನನಗ!

ನನಗ ಏನೇ ಆಗ್ಲಿ, ಮೆರವಣಿಗಿ ಮಾತ್ರ ನನ್ನ ಷಡ್ಡಕಂದೇ. ನಮ್ಮಿಬ್ಬರ ಹೆಂಡಂದಿರು ಅಕ್ಕ-ತಂಗಿ. ನಂದು ಹುಮನಾಬಾದದಾಗ ಹಾರ್ಡ್‌ವೇರ್ ಅಂಗಡಿ, ಅವ ಬಸವಕಲ್ಯಾಣದಾಗ ಮಾಸ್ತರ. ಎದಿ ತಾಳ ತಪ್ಪಿ ಬಡಿಯೂ ಬ್ಯಾನಿ ನನಗ ಬಂದ ಆರು ತಿಂಗಳಿಗೆ ಅವಗೂ ಬಂತು. ಗುಳಿಗಿಗೆ ಬಗ್ಗಲಿಲ್ಲ. "ತೊಡಿ ನರದಾಗಿಂದ ತಂತಿ ಹಾಕಿ, ಎದಿಯೊಳಗ ತಪ್ಪು ಬಡಿಸೂ ಜಾಗ ಸುಡಬೇಕು," ಅಂತ ಹೈದರಾಬಾದಿನ ಡಾಕ್ಟರು ಇಬ್ಬರಿಗೂ ಹೇಳಿದ್ರು. ಸುಡೂದು ಅಂದ ಕೂಡ್ಲೆ ನಾ ಹೆದರಿ ಮನಿ ಹಿಡದೆ. ಹೆಂಡ್ತಿ ದಿನಾ ಗೋಗರದ್ರೂ ಒಲ್ಲೆ ಅಂದೆ. ಅವ ಮಾಡಿಸ್ಕೊಂಡು ಬಂದೇ ಬಿಟ್ಟ!

ಮಾತಾಡ್ಸಾಕ ಹೋದದ್ದು

ಹೆಂಡ್ತಿ ಜೋಡಿ ಬಸವಕಲ್ಯಾಣಕ್ಕ ಹೋದ್ರ ಅವನ ಮನಿ ತುಂಬ ಮಂದಿ. ನಮ್ಮ ಅತ್ತಿ ಅವಗ ಮೂಸಂಬಿ ಸುಲದು ಕೊಡಾಕತ್ತಿದ್ರು.

"ಅತ್ತಿ, ನನ್ನ ಎದಿನೂ ಹೊಡಕೊಳ್ಳಾಕತ್ತದ್ರಿ," ಅಂದೆ.

"ನಿಮ್ದು ಗ್ಯಾಸ್ ಇರಬೇಕ್ರಿ," ಅಂದು ಸಿಪ್ಪಿ ನನ್ನ ಕೈಯಾಗಿಟ್ರು.

ಹೊಲಿಗಿ ಎಲ್ಲಿ?

ಬಾಜೂಮನಿ ಅಜ್ಜ ಕೇಳಿದ: "ಎದಿ ಮ್ಯಾಲ ಹೊಲಿಗೀನೇ ಇಲ್ಲಲ್ಲ? ಎದಿ ರಿಪೇರಿಗೆ ತೊಡಿ ಯಾಕ?"

ಷಡ್ಡಕ ಅಂದ, "ಹುಮನಾಬಾದದಿಂದ ಇಲ್ಲಿಗೆ ಬರಬೇಕಂದ್ರ ಹೈವೇದ ಬಂಗ್ಲಾ ಕ್ರಾಸಿಗೆ ಬಂದೇ ಹೊಳ್ಳಬೇಕಲ್ಲ, ಅಜ್ಜಾ? ಎದಿಗೆ ತೊಡಿನೇ ಕ್ರಾಸು."

ಎಲ್ಲರೂ ವಾಹ್ವಾ ಅಂದ್ರು, ನನ್ನ ಹೆಂಡ್ತಿನೂ! ಆ ಬಂಗ್ಲಾ ಕ್ರಾಸಿನ ಮಾತು ಅವಗ ಹೇಳಿಕೊಟ್ಟಾವ ನಾನೇ!

ನನ್ನ ಪಾಳಿ

ಹೊಟ್ಟಿ ಉರದು ಮುಂದಿನ ವಾರನೇ ದವಾಖಾನಿ ಸೇರ್ದೆ.

"ನನ್ನ ಷಡ್ಡಕಗ ಎಷ್ಟು ತಾಸು ಹಿಡೀತ್ರಿ?"

"ಮೂರು," ಅಂದ್ರು ಡಾಕ್ಟರು. ಅವರು ಕನ್ನಡ ಬಲ್ಲವರು.

"ನನಗ ನಾಲ್ಕು ಹಿಡೀಲ್ರಿ. ನನಗೇನೂ ಅವಸರಿಲ್ಲ."

ಹಾಳಾದ್ದು, ಎರಡೂವರಿ ತಾಸಿಗೇ ಮುಗೀತು.

ತಪಾಸಣಿ

ಮೂರು ತಿಂಗಳಿಗೆ ನಾನೂ ಷಡ್ಡಕನೂ ಕೂಡೇ ಹೋದ್ವಿ, ನನ್ನ ಹೆಂಡ್ತಿನೂ ಬಂದ್ಲು. ನನ್ನ ಇಸಿಜಿ ಪಟ್ಟಿ ನೋಡಿ ಡಾಕ್ಟರು, "ಗಡಿಯಾರದಂಗ ಬಡ್ಯಾಕತ್ತದ," ಅಂದ್ರು. ಹೆಂಡ್ತಿ ಕಣ್ಣೊರಸಿಕೊಂಡ್ಲು. ಖರೇ ಅಂದ್ರ ನನಗೂ ಕಣ್ಣಾಗ ನೀರು ಬಂತು.

ಷಡ್ಡಕಂದು ಮತ್ತ ತಾಳ ತಪ್ಪಿತ್ತು. "ಕೆಲವರಿಗೆ ಇನ್ನೊಮ್ಮೆ ಮಾಡಬೇಕಾಗ್ತದ. ಅಂಜಬ್ಯಾಡ್ರಿ," ಅಂದ್ರು ಡಾಕ್ಟರು.

"ಅಯ್ಯ, ಪಾಪ!" ಅಂತ ನನ್ನ ಹೆಂಡ್ತಿ ಎದ್ದು ಅವಗ ತನ್ನ ಖುರ್ಚಿ ಕೊಟ್ಲು, ನೀರು ಕೊಟ್ಲು, ನನಗಂತ ಕಟ್ಟಿಕೊಂಡು ಬಂದಿದ್ದ ಶೇಂಗಾ ಉಂಡಿನೂ ಕೊಟ್ಲು. ನನಗ ತಡಕೊಳ್ಳಾಕ ಆಗ್ಲಿಲ್ಲ.

"ಸಾಹೇಬ್ರ, ನಂದೂ ಇನ್ನೊಮ್ಮೆ ನೋಡ್ರಿ. ಎಲ್ಲ್ಯರ ಒಂದೀಟು ಉಳದಿರಬೇಕು. ಅವನ ಜೋಡಿ ನನಗೂ ಮಾಡಿಬಿಡ್ರಿ."

ಹೆಂಡ್ತಿ ಡಾಕ್ಟರಿಗೆ ಕೈ ಮುಗದ್ಲು. "ಇವರ ಎದಿ ಬಿಡ್ರಿ, ಸಾಹೇಬ್ರ. ಹೊಟ್ಟಿಕಿಚ್ಚು ನೋಡೂ ಡಾಕ್ಟರು ಯಾವ ಫ್ಲೋರಿನ್ಯಾಗ ಕೂಡ್ತಾರ?"