ಹೊರಟದ್ದು ಯಾವ ಬಸ್ಸು?

ರಾಘಣ್ಣನ ದಿನ ಕೆಟ್ಟದ್ದು ಒಂಟಿ ಕಾಲಿನ ಮೇಲೆ ಗಿರಗಿರ ತಿರುಗುವ ಒಬ್ಬ ಹುಡುಗಿಯಿಂದ. ಹುಡುಗಿಗೆ ಕಣ್ಣು ಮೂಗು ಏನೂ ಇರಲಿಲ್ಲ, ಬರೀ ಕಪ್ಪು ನೆರಳು. ಮೇಲಿನ ಮನೆಯ ಓಂಕಾರ್ ಬೆಳಗಿನ ಚಹಾದ ಹೊತ್ತಿಗೆ ಅವಳ ವಿಡಿಯೋ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಬಿಟ್ಟು, ಇವಳು ಯಾವ ಕಡೆ ತಿರುಗುತ್ತಿದ್ದಾಳೆ ಹೇಳಿ ಎಂದು ಕೇಳಿದ್ದ. ಪುಣೆಯ ಆ ಸೊಸೈಟಿಯ ಜನ ಎರಡು ದಿನ ನಳದಲ್ಲಿ ನೀರು ಬರದಿದ್ದರೂ ತಡೆದುಕೊಳ್ಳುತ್ತಾರೆ. ಇಂಥ ಪ್ರಶ್ನೆಗೆ ಉತ್ತರ ಕೊಡದೆ ಮಾತ್ರ ಇರಲಾರರು.

ರಾಘಣ್ಣ ಕನ್ನಡಕ ಏರಿಸಿ ನೋಡಿದ. ಹುಡುಗಿ ಬಲಕ್ಕೆ ತಿರುಗುತ್ತಿದ್ದಳು, ಗುಡಿಯಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ. ಅನುಮಾನವೇ ಇಲ್ಲ. ವಿಮಾ ಕಚೇರಿಯಲ್ಲಿ ಜೀವಮಾನವೆಲ್ಲ ಬೇರೆಯವರ ತಪ್ಪು ಹುಡುಕಿ ನಿವೃತ್ತನಾದ ಅವನಿಗೆ ತನ್ನ ಕಣ್ಣಿನ ಮೇಲೆ ದೇವರಿಗಿಂತ ಹೆಚ್ಚು ನಂಬಿಕೆ. ತಿಂಗಳೊಪ್ಪತ್ತು ಇದ್ದು ಹೋಗಲೆಂದು ಧಾರವಾಡದಿಂದ ಬಂದಿದ್ದ ಅಕ್ಕ ಕೃಷ್ಣಾಬಾಯಿಯ ಕೈಗೆ ಫೋನು ಕೊಟ್ಟ.

"ಎಡಕ್ಕ ತಿರಗ್ಲಿಕ್ಕೆ ಹತ್ಯಾಳಲ್ಲೋ ರಾಘು," ಎಂದಳು ಅಕ್ಕ.

"ಬಲಕ್ಕ ಅಕ್ಕಾ. ಸರಿಯಾಗಿ ನೋಡು."

"ನೋಡೇ ಹೇಳೇನಿ. ಎಡಕ್ಕ."

ಇಷ್ಟರಲ್ಲಿ ಕರಿಬೇವು ಕೇಳಲು ಬಂದ ಎದುರು ಮನೆಯ ಅನ್ನಪೂರ್ಣಮ್ಮ ಕರಿಬೇವು ಮರೆತು ಫೋನಿಗೆ ಬಗ್ಗಿದರು. "ಅಯ್ಯ, ಬಲಕ್ಕರೀ! ಇದೇನು ಕೇಳೂ ಮಾತೇನ್ರಿ?" ಎಂದರು. ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಇಂದೂ ಅಡಿಗೆಮನೆಯಿಂದ ಇಣುಕಿ, "ನನಗ ಒಮ್ಮೆ ಹಂಗ, ಒಮ್ಮೆ ಹಿಂಗ ಕಾಣಸ್ತದ. ಯಾಕ ಅಷ್ಟು ಜಗಳಾಡ್ತೀರಿ?" ಎಂದಳು. ಅವಳ ಮಾತು ಯಾರಿಗೂ ಬೇಕಿರಲಿಲ್ಲ. ನೆರೆಯವರ ಬೆಂಬಲ ಸಿಕ್ಕಿದ ರಾಘಣ್ಣನಿಗೆ ಮಾತಿನ ಮೇಲೆ ಹಿಡಿತ ತಪ್ಪಿತು.

"ಅಕ್ಕಾ, ನಿನಗ ವಯಸ್ಸಾತು. ಕಣ್ಣಂತೂ ಹೋಗ್ಯಾವ, ಅದರ ಸಂಗಡ ತಲೀನೂ ಹೋಗೇದ," ಎಂದುಬಿಟ್ಟ.

ಅನ್ನಪೂರ್ಣಮ್ಮ ನಕ್ಕರು. ಅಕ್ಕ ನಗಲಿಲ್ಲ. ತಾಯಿ ತೀರಿಕೊಂಡಾಗ ತನ್ನ ಶಾಲೆ ಬಿಟ್ಟು ಈ ರಾಘುವಿನ ತಲೆ ಬಾಚಿ, ಮಗ್ಗಿ ಬಾಯಿಪಾಠ ಮಾಡಿಸಿ ಶಾಲೆಗೆ ಕಳಿಸಿದವಳು ಅವಳು. ಅಂಥವಳ ತಲೆಯೇ ಹೋಗಿದೆ ಎಂದು ಅವನು ನೆರೆಯವರ ಎದುರು ಹೇಳಿದ್ದ. ಅವಳು ಫೋನು ಮೆಲ್ಲಗೆ ಮೇಜಿನ ಮೇಲಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸೀರೆ ಮಡಿಚುವ ಸಪ್ಪಳ ಕೇಳಿಸಿತು.

"ಮಧ್ಯಾಹ್ನದ ಬಸ್ಸಿಗೆ ಹೊಂಡ್ತೀನಿ ಇಂದೂ," ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಘಣ್ಣ ಮೆಟ್ಟಿಲ ಮೇಲೆ ಬಂದು ನಿಂತ. ಓಂಕಾರ್ ಸಿಕ್ಕಿದ. ಇದಕ್ಕೆಲ್ಲ ಮೂಲವಾದ ಅವನನ್ನು ಹಿಡಿದು, ಸರಿ ಉತ್ತರ ಯಾವುದು ಹೇಳು ಎಂದು ಗದರಿದ.

"ಕಾಕಾ, ದೋನ್ಹೀ ಬರೋಬರ," ಎಂದು ಓಂಕಾರ್ ನಕ್ಕ. ಎರಡೂ ಸರಿಯಂತೆ. ಬರೀ ನೆರಳಾದ್ದರಿಂದ ಯಾವ ಕಾಲು ಮುಂದೆ, ಯಾವುದು ಹಿಂದೆ ಎಂಬುದು ಚಿತ್ರದಲ್ಲಿ ಇಲ್ಲವೇ ಇಲ್ಲ. ಮಿದುಳು ತಾನೇ ಏನೋ ಒಂದು ತೀರ್ಮಾನ ಮಾಡಿಕೊಂಡು, ಕಣ್ಣಾರೆ ಕಂಡೆ ಎಂದು ಆಣೆ ಮಾಡುತ್ತದೆಯಂತೆ. ಬಸ್ಸಿನಲ್ಲಿ ಕೂತಾಗ ಪಕ್ಕದ ಬಸ್ಸು ಹೊರಟರೆ ನಮ್ಮದೇ ಹೊರಟಂತೆ ಅನಿಸುವುದೂ ಇದೇ ಆಟವಂತೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ. ರಾಘಣ್ಣ ಅಡಿಗೆಮನೆಗೆ ಹೋಗಿ ಇಂದೂಗೆ ಇದನ್ನೆಲ್ಲ ಹೇಳಿದ. ಅಕ್ಕನ ತಲೆ ನೆಟ್ಟಗೇ ಇತ್ತು.

"ಹೋಗಿ ತಪ್ಪಾತು ಅನ್ರಿ. ಅಷ್ಟಽ ಅವರಿಗೆ ಬೇಕಾಗಿರೂದು," ಎಂದಳು ಇಂದೂ.

ಅನ್ನುವುದು ಸುಲಭವೇ? ಆ ಮನೆತನದ ಗಂಡಸರು ಬೇಕಾದರೆ ಆಸ್ತಿ ಬಿಟ್ಟುಕೊಟ್ಟಾರು, ತಪ್ಪಾಯಿತು ಎಂದವರಲ್ಲ. ರಿಕ್ಷಾದಲ್ಲಿ ಹೇಳೋಣ ಎಂದುಕೊಂಡ. ರಿಕ್ಷಾದಲ್ಲಿ ಅಕ್ಕ ಹೊರಗೆ ನೋಡುತ್ತ ಕೂತಳು. "ಅಕ್ಕಾ…" ಎಂದು ಬಾಯಿ ತೆರೆದಾಗಲೆಲ್ಲ ಹಿಂದಿನಿಂದ ಯಾರೋ ಹಾರ್ನು ಹೊಡೆದರು. ಕೊನೆಗೆ, "ಬಿಸಲು ಭಾಳ ಅದ ಅಲ್ಲಾ?" ಎಂದು ಕೇಳಿದ.

ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸು ನಿಂತಿತ್ತು, ಜನ ಮುತ್ತಿದ್ದರು. ಟಾವೆಲ್ಲು ಕಿಟಕಿಯಿಂದ ಒಳಗೆ ಎಸೆದು ಸೀಟು ಹಿಡಿಯುವುದರಲ್ಲಿ ರಾಘಣ್ಣ ಹಳೆಯ ಹುಲಿ. ಎಸೆದ, ಅಕ್ಕನ ಚೀಲ ಹಿಡಿದು ನುಗ್ಗಿದ, ಕಿಟಕಿ ಪಕ್ಕ ಕೂತ.

"ನೀ ಸೀಟು ಬಿಡಬ್ಯಾಡ. ನಾ ಬಂದೆ," ಎಂದು ಕೆಳಗಿನಿಂದ ಹೇಳಿ ಅಕ್ಕ ಜನರ ನಡುವೆ ಹೋದಳು. ಬೆಳಗಿನ ಜಗಳದ ಮೇಲೆ ಅವನ ಕಡೆ ತಿರುಗಿ ಅವಳು ಆಡಿದ ಮೊದಲ ಮಾತು ಅದು. ರಾಘಣ್ಣನ ಕಣ್ಣು ಒದ್ದೆಯಾಯಿತು. ಬಂದ ಕೂಡಲೇ ಹೇಳಿಬಿಡುತ್ತೇನೆ, ಚೀಲ ಹಿಡಿದು ಅವಳನ್ನು ಮನೆಗೇ ಕರೆದೊಯ್ಯುತ್ತೇನೆ ಎಂದು ನಿಶ್ಚಯಿಸಿದ. ಪಕ್ಕದ ಬಸ್ಸಿನ ಹೊಗೆ ಬರುತ್ತಿತ್ತೆಂದು ಕಿಟಕಿಯ ಗಾಜು ಎಳೆದು ಮುಚ್ಚಿದ. ಹೊರಗೆ ಆ ಬಸ್ಸು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ತಪ್ಪಾತು ಅಕ್ಕಾ," ಎಂದು ಮೆಲ್ಲಗೆ ಅಭ್ಯಾಸ ಮಾಡುತ್ತಿದ್ದಾಗಲೇ ಬಸ್ಸು ಸರಿಯತೊಡಗಿತು.

"ಏ ಹೋಲ್ಡಾನ್! ನಮ್ಮಕ್ಕ ಬಂದಿಲ್ಲ, ನಿಂದರಸ್ರಿ!" ಎಂದು ರಾಘಣ್ಣ ಸೀಟಿನ ಮೇಲೆ ಎದ್ದು ನಿಂತು ಕೂಗಿದ.

ಇಡೀ ಬಸ್ಸು ತಿರುಗಿ ನೋಡಿತು. "ಎಂತ ಮಾರಾಯ್ರೆ? ಡ್ರೈವರ್ ಅಲ್ಲಿ ಕೆಳಗೆ ಚಾ ಕುಡೀತಾ ಇದ್ದಾನೆ. ಅವನಿಲ್ಲದೆ ಬಸ್ಸು ಹೋಗುದುಂಟಾ?" ಎಂದರು ಪಕ್ಕದ ಸೀಟಿನವರು. ಅವರು ತನಿಯಪ್ಪ, ಉಡುಪಿ ಕಡೆಯವರು, ಪುಣೆಯ ಮಗರಪಟ್ಟಾದಲ್ಲಿ ಹೋಟೆಲು. ಸರಿದದ್ದು ಪಕ್ಕದ ಬಸ್ಸು. ರಾಘಣ್ಣ ಮುಖ ಒರೆಸಿಕೊಂಡು ಕೂತ.

ಖಾಲಿಯಾದ ಜಾಗಕ್ಕೆ ಇನ್ನೊಂದು ಬಸ್ಸು ಬಂದು ನಿಂತಿತು. ಈಗ ಇವರ ಡ್ರೈವರೂ ಹತ್ತಿ ಇಂಜಿನ್ ಚಾಲೂ ಮಾಡಿದ. ಕಂಡಕ್ಟರ್ ಬಂದಾಗ ರಾಘಣ್ಣ, ಅಕ್ಕ ಮನೆಗೆ ಬರಲು ಒಪ್ಪದಿದ್ದರೆ ಇರಲಿ ಎಂದು, ಧಾರವಾಡಕ್ಕೆ ಒಂದು ಟಿಕೀಟು ತೆಗೆದುಕೊಂಡ. ಅಷ್ಟರಲ್ಲಿ ಮತ್ತೆ ಕಿಟಕಿಯಾಚೆ ಎಲ್ಲವೂ ಹಿಂದಕ್ಕೆ ಓಡಿತು. ಈ ಸಲ ಅನುಮಾನವೇ ಇಲ್ಲ! ರಾಘಣ್ಣ ಚೀಲ ಹಿಡಿದು ಬಾಗಿಲ ಕಡೆ ಓಡಿದ, ದಾರಿಯಲ್ಲಿದ್ದ ಹೆಂಗಸಿನ ಪೇರಲ ಹಣ್ಣಿನ ಬುಟ್ಟಿಗೆ ಎಡವಿ ಬಿದ್ದ. ಹಣ್ಣು ಸೀಟುಗಳ ಕೆಳಗೆ ಉರುಳಿದವು. ಅವನ ಬಸ್ಸು ಮಾತ್ರ ನಿಂತಲ್ಲೇ ನಿಂತಿತ್ತು, ಹಿಂದಕ್ಕೆ ಸರಿದದ್ದು ಈ ಸಲವೂ ಪಕ್ಕದ್ದೇ.

ಆಕೆ ಮರಾಠಿಯಲ್ಲಿ ಅವನ ಏಳು ತಲೆಮಾರನ್ನು ವಿಚಾರಿಸಿಕೊಂಡಳು. ರಾಘಣ್ಣ ಬೋರಲಾಗಿ ಪೇರಲ ಆರಿಸಿದ. "ಇನ್ನೊಮ್ಮೆ ಒದರಿದ್ರ ನಿಮ್ಮನ್ನ ಇಳಿಸೇಬಿಡ್ತೀನಿ ನೋಡ್ರಿ," ಎಂದ ಕಂಡಕ್ಟರ್. ಇಳಿಸಿದರೆ ಸೀಟು ಹೋಯಿತು. ಅಕ್ಕ ಬಂದಾಗ ಕೂರಲು ಜಾಗವಿಲ್ಲದಿದ್ದರೆ ತಮ್ಮ ಇಷ್ಟೂ ಕೆಲಸಕ್ಕೆ ಬಾರದವನು ಎಂದಾಗುತ್ತದೆ.

"ಕಣ್ಣು ಮುಚ್ಚಿ ಕೂತ್ಕೊಳ್ಳಿ ಮಾರಾಯ್ರೆ. ನೋಡಿದ್ರೆ ಅಲ್ವಾ ಮೋಸ?" ಎಂದರು ತನಿಯಪ್ಪ.

ಒಳ್ಳೆಯ ಉಪಾಯವೆನಿಸಿತು. ಕಣ್ಣು ಮುಚ್ಚಿ ಕೂತ ರಾಘಣ್ಣನಿಗೆ ಅಳಿದುಳಿದ ಮಾನ ಉಳಿಸಿಕೊಳ್ಳಲು ಓಂಕಾರನ ವಿಜ್ಞಾನವೂ ನೆನಪಾಯಿತು. ತನಿಯಪ್ಪನಿಗೆ ಪಾಠ ಶುರು ಮಾಡಿದ. "ಮಿದುಳು ಭಾಳ ಸುಳ್ಳಬುರಕ ಅದರೀ. ಬಸ್ಸು ಹೊಂಟಿರೂದಿಲ್ಲ, ಹೊಂಟದ ಅಂತ ಹೇಳ್ತದ. ನಾವು ನಂಬಬಾರದು."

ಸ್ವಲ್ಪ ಹೊತ್ತಿಗೆ ಬಸ್ಸು ಜಗ್ಗಿದಂತಾಯಿತು. ಕಿಟಕಿಯ ಗಾಜು ಟಕಟಕ ಎಂದಿತು. ರಾಘಣ್ಣ ಕಣ್ಣು ತೆರೆಯಲಿಲ್ಲ, ಮುಗುಳ್ನಕ್ಕ. "ನೋಡ್ರಿ, ಈಗ ಹೊಂಟಂಗ ಅನಸ್ಲಿಕ್ಕೆ ಹತ್ತೇದ. ಹೊಂಟಿಲ್ಲ. ಇಲ್ಲ, ಇಲ್ಲ!" ಎಂದು ತಲೆಯನ್ನು ಜೋರಾಗಿ ಅಲ್ಲಾಡಿಸಿದ. ಗಾಜು ಮತ್ತೂ ಟಕಟಕ ಎಂದಿತು. ಮಿದುಳು ಒಮ್ಮೆ ಸುಳ್ಳು ಹೇಳಲು ನಿಂತರೆ ಸಪ್ಪಳವನ್ನೂ ಸೇರಿಸುತ್ತದೆ ಎಂದು ಬೆರಗಾದ. "ಊಹೂಂ. ಇಲ್ಲ," ಎಂದು ಇನ್ನೊಮ್ಮೆ ತಲೆ ಅಲ್ಲಾಡಿಸಿದ. ಪಾಠ ಕೇಳುತ್ತಿದ್ದ ತನಿಯಪ್ಪ ಆಗಲೇ ಗೊರಕೆ ಹೊಡೆಯುತ್ತಿದ್ದರು.

ಮುಖಕ್ಕೆ ಒಮ್ಮೆ ಬಿಸಿಲು ಒಮ್ಮೆ ನೆರಳು ಬೀಳತೊಡಗಿದಾಗ ರಾಘಣ್ಣನಿಗೆ ಸಂಶಯ ಬಂತು. ಪಕ್ಕದ ಬಸ್ಸಿಗೆ ಮರಗಳಿರುವುದಿಲ್ಲ. ಕಣ್ಣು ತೆರೆದರೆ ಅಂಗಡಿಗಳೂ ರಿಕ್ಷಾಗಳೂ ಓಡುತ್ತಿದ್ದವು, ಊರ ಅಂಚಿನ ಕಾತ್ರಜದ ಚೌಕ ಎದುರಿಗೇ ಬರುತ್ತಿತ್ತು.

"ಹೋಲ್ಡಾನ್! ಬಸ್ಸು ಹೊಂಟದ! ನಮ್ಮಕ್ಕ ಬಂದಿಲ್ಲ!"

"ಮತ್ತ ಸುರು ಆತು," ಎಂದು ಯಾರೋ ಅಂದರು. ಬಸ್ಸು ತುಂಬ ನಗೆ. ಪೇರಲ ಹಣ್ಣಿನ ಹೆಂಗಸು ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಕಂಡಕ್ಟರ್ ಎರಡೂ ಕೈ ಮುಗಿದ. "ನಿಮ್ಮಕ್ಕ ಕಿಡಕಿ ಕಡೆ ಬಂದಿದ್ರಲ್ರಿ? ಗಾಜು ಬಡದು ಮಾತಾಡಿಸಿದ್ರು, ನೀವು ಜವಾಬೂ ಕೊಟ್ರಿ. ನನ್ನ ಕಣ್ಣಾರೆ ನೋಡೇನಿ. ಅವರು ಬರೂದಿಲ್ಲ, ನೀವಽ ಹೊಂಟೀರಿ ಅಂತ ತಿಳದು ಬಸ್ಸು ನಿಂದರಸಲಿಲ್ಲ."

ರಾಘಣ್ಣ ಅಕ್ಕನ ಚೀಲ ಎತ್ತಿಕೊಂಡ. ಚೌಕದಲ್ಲಿ ಇಳಿದವನೇ ಫೋನು ಹಚ್ಚಿದ. ಅಕ್ಕ ಎತ್ತಿದಳು.

"ಅಕ್ಕಾ, ಎಲ್ಲಿದ್ದಿ?"

"ಹಿಂದಿನ ಬಸ್ಸಿನಾಗ. ಝೂ ಅಂತ ಬೋರ್ಡು ಕಾಣಸ್ಲಿಕ್ಕೆ ಹತ್ತೇದ," ಎಂದಳು. ಝೂ ಎಂದರೆ ಈ ಚೌಕದ ಹತ್ತಿರವೇ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆದರಿಸಿತು. "ಇಂದೂಗ ಫೋನ್ ಮಾಡಲಿಕ್ಕೆ ಹೋಗಿದ್ದೆ ರಾಘು. ಬೆಳಗಿನಿಂದ ಅವರು ತಪ್ಪಾತು ಅನ್ನಲಿಕ್ಕೆ ಒದ್ದಾಡ್ತಾರ, ಬಾಯಿ ಬರವಲ್ದು, ನೀವು ಹೋಗಬ್ಯಾಡ್ರಿ ಅಂದ್ಲು. ನನ್ನ ಮನಸ್ಸು ಕರಗಿತು. ಓಡಿ ಬಂದೆ. ಬಸ್ಸು ಆಗಲೇ ಸರೀತಿತ್ತು. ಗಾಜು ಬಡದು ಕೇಳಿದೆ, ರಾಘು, ಇನ್ನ ನಾಕು ದಿನಾ ಇರಲೇನೋ ಅಂತ. ನೀ ಕಣ್ಣು ಸೈತ ತಗೀಲಿಲ್ಲ. ನಕ್ಕೋತ ತಲಿ ಅಲ್ಲಾಡಿಸಿ ಇಲ್ಲ ಅಂದಿ. ತಿರುಗಿ ಕೇಳಿದೆ. ತಿರುಗಿ ಇಲ್ಲ ಅಂದಿ."

"ಅದು ನಿನಗಲ್ಲ ಅಕ್ಕಾ! ನಾ ಬಸ್ಸಿಗೆ ಅಂದೆ! ಬಸ್ಸು ಹೊಂಟಿಲ್ಲ ಅಂತ…"

"ಹೊಂಟ ಬಸ್ಸಿನಾಗ ಕೂತು ಹೊಂಟಿಲ್ಲ ಅಂದ್ಯಾ?" ಅಕ್ಕ ನಿಟ್ಟುಸಿರು ಬಿಟ್ಟಳು. "ಇರಲಿ ಬಿಡು. ನಂದರ ತಲಿ ಹೋಗೇದ, ನಂಬಿಸಿದ್ರ ನಂಬ್ತೀನಿ ಅಂತ ತಿಳದೀ."

"ನಿನ್ನ ಚೀಲ ನನ್ನ ಹತ್ರ ಅದ ಅಕ್ಕಾ. ಅದರ ಸಲುವಾಗೇರ ಇಳೀ."

"ಕೊರಿಯರ್ ಮಾಡು," ಎಂದಳು. ಫೋನು ಬಂದಾಯಿತು.

ರಾಘಣ್ಣ ರಸ್ತೆಯ ಅಂಚಿಗೆ ಓಡಿ ನಿಂತ. ಬಸ್ಸು ಬಂತು. ಮೂರನೇ ಕಿಟಕಿಯಲ್ಲಿ ಅಕ್ಕ, ಮುಚ್ಚಿದ ಗಾಜಿನ ಹಿಂದೆ. ಅವನು ಚೀಲವನ್ನು ತಲೆಯ ಮೇಲೆತ್ತಿ, "ತಪ್ಪಾತು ಅಕ್ಕಾ! ಇಳೀ, ಮನೀಗೆ ಹೋಗೂಣು!" ಎಂದು ಕೂಗಿದ. ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇಡೀ ಚೌಕಕ್ಕೆ ಕೇಳುವ ಹಾಗೆ ಹೊರಬಂತು. ಟ್ರಾಫಿಕ್ ಪೋಲೀಸಿನವನು ತಿರುಗಿ ನೋಡಿದ. ಅಕ್ಕನೂ ನೋಡಿದಳು. ಅವಳ ತಲೆ ಆಡಿತು.

ಹೂಂ ಎಂದಳೋ, ಊಹೂಂ ಎಂದಳೋ, ಬರೀ ರಸ್ತೆಯ ತೆಗ್ಗಿಗೆ ತಲೆ ಕುಲುಕಿತೋ ರಾಘಣ್ಣನಿಗೆ ತಿಳಿಯಲಿಲ್ಲ. ಬಸ್ಸು ಈಗ ನಿಂತೀತು, ಈಗ ನಿಂತೀತು ಎಂದು ಅವನು ಅದು ಹಿಡಿದ ಘಾಟಿನ ದಾರಿಯನ್ನೇ ನೋಡುತ್ತ ನಿಂತ. ಅದು ನಿಲ್ಲಲಿಲ್ಲ.