ಬಲ್ಬ್ ಪದಕ್ಕೆ ಪ್ರಾಸ ಒದಗಿಸುವ ಕುರಿತು

ಸುತ್ತೋಲೆ ಸಂಖ್ಯೆ: ಬೀ.ಪ್ರಾ.ಶಾ./ಬಲ್ಬ್/೪/ಅತಿ ಜರೂರು
ದಿನಾಂಕ: ಈ ತಿಂಗಳ ಹತ್ತೊಂಬತ್ತು

ವಿಷಯ: ಕಚೇರಿಯ ವಿದ್ಯುತ್ ಕೆಲಸಗಾರರಾದ ‘ಬಲ್ಬ್ ಮಾವ’ ಅವರ ಬೀಳ್ಕೊಡುಗೆ ಪದ್ಯಕ್ಕೆ ಇಂಗ್ಲಿಷ್ ಪ್ರಾಸಪದ ಹುಡುಕುವ ಬಗ್ಗೆ.

ಉಲ್ಲೇಖ:
(೧) ಬೀಳ್ಕೊಡುಗೆ ಪದ್ಯ ನಿಯಮಾವಳಿ, ನಿಯಮ ೪(ಆ).
(೨) ಇದೇ ವಿಷಯದ ಹಿಂದಿನ ಮೂರು ಸುತ್ತೋಲೆಗಳು (ಓದಿದ್ದೇವೆಂದು ಸಹಿ ಹಾಕಿದವರು ನಲವತ್ತೊಂದು ಮಂದಿ, ಓದಿದವರು ಇಬ್ಬರು).
(೩) ಬಲ್ಬ್ ಮಾವ ಅವರು ಏಣಿಯ ಮೇಲಿಂದ ಮಾಡಿದ ಮೌಖಿಕ ಮನವಿ.

ಪ್ರಸ್ತಾವನೆ:

ಈ ಕಚೇರಿಯಿಂದ ನಿವೃತ್ತರಾಗುವ ಪ್ರತಿಯೊಬ್ಬರನ್ನೂ ಎರಡು ಸಾಲಿನ ಇಂಗ್ಲಿಷ್ ಪದ್ಯ ಓದಿ ಬೀಳ್ಕೊಡುವುದು ವಾಡಿಕೆಯಾಗಿರುತ್ತದೆ. ಮೊದಲ ಸಾಲು ಅವರ ಕೆಲಸದ ಪದದಿಂದ ಮುಗಿಯತಕ್ಕದ್ದು. ಎರಡನೆಯದು ಅದಕ್ಕೆ ಪ್ರಾಸವಾಗತಕ್ಕದ್ದು. ಪ್ರಾಸವಿಲ್ಲದೆ ಪದ್ಯವಿಲ್ಲ, ಪದ್ಯವಿಲ್ಲದೆ ಸಮಾರಂಭವಿಲ್ಲ, ಸಮಾರಂಭವಿಲ್ಲದೆ ಬಿಡುಗಡೆ ಆದೇಶವಿಲ್ಲ. ಈ ನಿಯಮ ಮಾಡಿದ ಅಧಿಕಾರಿ ಯಾರೆಂಬುದು ಕಡತದಲ್ಲಿ ಸಿಗುತ್ತಿಲ್ಲ. ಸಿಕ್ಕಿದಲ್ಲಿ ಅವರನ್ನು ಎರಡು ಮಾತು ಕೇಳುವುದಿದೆ.

ಇಲ್ಲಿಯವರೆಗೆ ಕುಕ್‌ಗೆ ಬುಕ್, ಸ್ವೀಪರ್‌ಗೆ ಕೀಪರ್ ಎಂದು ಕೆಲಸ ಸಲೀಸಾಗಿ ನಡೆದುಬಂದಿರುತ್ತದೆ. ಪ್ಯೂನ್ ಒಬ್ಬರಿಗೆ ಮೂನ್ ಎಂದು ಹಾಕಿದಾಗ ಅವರು ವೇದಿಕೆಯ ಮೇಲೆ ಕಣ್ಣೊರೆಸಿಕೊಂಡದ್ದು ದಾಖಲೆಯಲ್ಲಿದೆ. ಆದರೆ ಬಲ್ಬ್ ಎಂಬುದು ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಪದವಾದರೂ, ಪದ್ಯದೊಳಗೆ ಕಾಲಿಟ್ಟ ಕೂಡಲೇ ಒಂಟಿಯಾಗಿಬಿಡುತ್ತದೆಂದು ಕಂಡುಬಂದಿದೆ. ‘ತರ್ಟಿತ್ರೀ ಇಯರ್ಸ್ ಹಿ ಚೇಂಜ್ಡ್ ದಿ ಬಲ್ಬ್’ ಎಂಬ ಮೊದಲ ಸಾಲಿಗೆ ಎರಡು ತಿಂಗಳ ಹಿಂದೆಯೇ ಮಂಜೂರಾತಿ ದೊರೆತಿದ್ದು, ಎರಡನೇ ಸಾಲು ಬಾಕಿ ಇರುವ ಕಾರಣ ಬಲ್ಬ್ ಮಾವ ಅವರು ನಿವೃತ್ತರಾಗಿಯೂ ದಿನಾ ಬೆಳಿಗ್ಗೆ ಏಣಿ ಹೊತ್ತು ಓಡಾಡುತ್ತಿದ್ದಾರೆ.

ಈ ನಡುವೆ ಅವರ ಮನೆಯವರು ಎರಡು ಬಾರಿ ಹೊಸ ಬಟ್ಟೆ ಉಟ್ಟು ಗೇಟಿನವರೆಗೆ ಬಂದು, ಪ್ರಾಸ ಸಿಕ್ಕಿಲ್ಲವೆಂದು ವಾಪಸಾಗಿದ್ದಾರೆ. ಬೀಳ್ಕೊಡುಗೆಯ ದಿನದ ಹೊರತು ಸಿಬ್ಬಂದಿಯ ಕುಟುಂಬದವರಿಗೆ ಒಳಗೆ ಪ್ರವೇಶವಿರುವುದಿಲ್ಲ. ಕಾವಲುಗಾರರ ವಹಿಯಲ್ಲಿ, ಬಂದ ಉದ್ದೇಶ ಎಂಬ ಕಾಲಂನಲ್ಲಿ, ಎರಡೂ ಸಲ ‘ಗಂಡ ಹಾಕಿದ ದೀಪ ನೋಡಲು’ ಎಂದು ಬರೆಯಲಾಗಿದೆ.

ಬಲ್ಬ್ ಮಾವ ಅವರ ಮೌಖಿಕ ಮನವಿಯನ್ನು ಯಥಾವತ್ತಾಗಿ ಇಲ್ಲಿ ನಮೂದಿಸಿದೆ: “ನನಗೆ ಪದ್ಯ ಗಿದ್ಯ ಬೇಡ ಸಾರ್. ಮೂವತ್ತಮೂರು ವರ್ಷದಿಂದ ಮನೇಲಿ ಅದೇ ಕಥೆ ಹೇಳ್ತಾ ಇದೀನಿ, ದೊಡ್ಡ ಹಾಲು, ಇಪ್ಪತ್ತೆಂಟು ದೀಪ, ಒಂದೇ ಸ್ವಿಚ್ಚು ಅಂತ. ಅವಳು ನಂಬೋದೇ ಇಲ್ಲ. ಒಂದ್ಸಲ ಕರ್ಕೊಂಡು ಬಂದು ತೋರಿಸಿಬಿಡ್ತೀನಿ, ಅಷ್ಟು ಸಾಕು.” ಸದರಿ ಮನವಿಯು ಪ್ರಾಸಕ್ಕೆ ಸಂಬಂಧಿಸಿಲ್ಲದ ಕಾರಣ ಅದನ್ನು ಕಡತದಲ್ಲಿ ಇಡಲಾಗಿತ್ತು.

ಈ ಹಿನ್ನೆಲೆಯಲ್ಲಿ ಎಲ್ಲರಿಗೂ ಕೆಳಕಂಡಂತೆ ಸೂಚಿಸಲಾಗಿದೆ:

೧. ಹಾಜರಿ ಹಾಕುವ ಮುನ್ನ ಪ್ರತಿಯೊಬ್ಬರೂ ದಿನಕ್ಕೊಂದು ಪ್ರಾಸಪದ ಒದಗಿಸಬೇಕೆಂಬ ಹಿಂದಿನ ಸೂಚನೆಯನ್ನು ಹಿಂಪಡೆಯಲಾಗಿದೆ. ಬಂದ ಪದಗಳನ್ನು ಓದಿದ ಮೇಲೆ ಈ ತೀರ್ಮಾನಕ್ಕೆ ಬರಲಾಗಿದೆ.

೨. ತಿರಸ್ಕೃತ ಪದಗಳನ್ನು ಮತ್ತೆ ಸಲ್ಲಿಸತಕ್ಕದ್ದಲ್ಲ. ಅವು ಯಾವುವೆಂದರೆ:
(ಅ) ಕ್ಲಬ್, ಟಬ್: ನಡುವೆ ಇರಬೇಕಾದ ಲಕಾರ ಗೈರುಹಾಜರು.
(ಆ) ಪಲ್ಪ್, ಗಲ್ಪ್: ಪ ಮತ್ತು ಬ ಒಂದೇ ಬೀದಿಯವರಾದರೂ ಒಂದೇ ಮನೆಯವರಲ್ಲ.
(ಇ) ಜುಲಾಬು: ಇದು ಇಂಗ್ಲಿಷ್ ಅಲ್ಲ, ವೇದಿಕೆಗೆ ಶೋಭಿಸುವುದೂ ಇಲ್ಲ. ಇದನ್ನು ಸೂಚಿಸಿದ ಕಡತ ಕೊಠಡಿಯ ಗುಮಾಸ್ತರು ಸ್ವಂತ ಅನುಭವದ ಮೇಲೆ ಸೂಚಿಸಿದ್ದಾರೆಂಬುದು ಅವರ ರಜೆ ಅರ್ಜಿಯಿಂದ ತಿಳಿದುಬಂದಿದೆ.

೩. ಕೆಲಸದ ಪದವನ್ನೇ ‘ಲೈಟ್’ ಎಂದು ಬದಲಿಸಿದರೆ ಬ್ರೈಟ್, ನೈಟ್, ರೈಟ್ ಎಂದು ಪ್ರಾಸಗಳು ಸಾಲುಗಟ್ಟಿ ನಿಲ್ಲುತ್ತವೆಂಬ ಬೆರಳಚ್ಚುಗಾರ್ತಿಯವರ ಸಲಹೆಯನ್ನು ಪರಿಶೀಲಿಸಲಾಯಿತು. ಪ್ರಯೋಗಾರ್ಥವಾಗಿ ಕಾರಿಡಾರಿನಲ್ಲಿ ‘ಲೈಟ್ ಮಾವಾ’ ಎಂದು ಮೂರು ಬಾರಿ ಕೂಗಲಾಗಿ, ಸದರಿಯವರು ತಿರುಗಿಯೂ ನೋಡಲಿಲ್ಲ. ಆದ್ದರಿಂದ ಸಲಹೆಯನ್ನು ಕೈಬಿಡಲಾಗಿದೆ.

೪. ನಿಘಂಟಿನ ಕೊನೆಯ ಹನ್ನೆರಡು ಹಾಳೆಗಳು ಹರಿದುಹೋಗಿದ್ದು, ಬೇಕಾದ ಪದ ಅಲ್ಲಿಯೇ ಇತ್ತೆಂದು ಗ್ರಂಥಪಾಲಕರು ಎದೆ ತಟ್ಟಿ ಹೇಳುತ್ತಿದ್ದಾರೆ. ಅವರೊಂದಿಗೆ ವಾದಕ್ಕಿಳಿಯುವುದನ್ನು ನಿಷೇಧಿಸಲಾಗಿದೆ.

೫. ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂರುತ್ತದೆ, ಬಾಲದ ಕಡೆ ಹುಡುಕುವುದೇ ದಡ್ಡತನ ಎಂದು ಟಪಾಲು ಶಾಖೆಯ ಹಿರಿಯರು ನಾಲ್ಕು ಪುಟದ ಟಿಪ್ಪಣಿ ಮಂಡಿಸಿದ್ದಾರೆ. ಟಿಪ್ಪಣಿ ಸೊಗಸಾಗಿದೆ. ಸದರಿ ಸೌಲಭ್ಯ ಇಂಗ್ಲಿಷಿಗೆ ಅನ್ವಯಿಸುವುದಿಲ್ಲ.

೬. ಕೌಂಟರಿಗೆ ಬರುವ ಸಾರ್ವಜನಿಕರಿಂದ ಪ್ರಾಸ ಕೇಳತಕ್ಕದ್ದಲ್ಲ. ಈ ಸಂಬಂಧ ಬಂದಿರುವ ದೂರಿನ ಸಾರಾಂಶ: “ನಾನು ವಿಳಾಸ ಬದಲಾಯಿಸೋಕೆ ಬಂದಿದ್ದು. ಒಳಗಿದ್ದವರು ಬಲ್ಬ್‌ಗೆ ಏನು ಹೊಂದುತ್ತೆ ಅಂತ ಕೇಳಿದ್ರು. ಹೋಲ್ಡರ್ ಅಂದೆ. ತಪ್ಪು ಅಂತ ಕಿಟಕಿ ಹಾಕ್ಕೊಂಡ್ರು.” ಉತ್ತರ ವಸ್ತುಸ್ಥಿತಿಗೆ ಅನುಗುಣವಾಗಿದ್ದರೂ ಪ್ರಾಸವೆಂದು ಪರಿಗಣಿಸಲು ಬರುವುದಿಲ್ಲ.

೭. ಮೊನ್ನೆ ಸೋಮವಾರ ನಡೆದ ಪ್ರಾಸ ಉಪಸಮಿತಿಯ ಹನ್ನೊಂದನೇ ಸಭೆಯಲ್ಲಿ, ಚರ್ಚೆ ಕಾವೇರಿದ ಹೊತ್ತಿಗೆ ಕೊಠಡಿಯ ಏಕೈಕ ಬಲ್ಬ್ ಹೋಯಿತು. ಆ ಕೊಠಡಿಗೆ ಕಿಟಕಿ ಇರುವುದಿಲ್ಲ. ಏಳು ಸದಸ್ಯರು ಕತ್ತಲಲ್ಲಿ ಕುಳಿತು, ಒಬ್ಬರನ್ನೊಬ್ಬರು ದೂರುತ್ತಾ, ಕೊನೆಗೆ ಒಕ್ಕೊರಲಿನಿಂದ ಬಲ್ಬ್ ಮಾವ ಅವರನ್ನು ಕೂಗಿದರು. ಅವರು ಬಂದು, ಕತ್ತಲಲ್ಲೇ ಏಣಿ ನಿಲ್ಲಿಸಿ, ಬೇರೆ ಬಲ್ಬ್ ಹಾಕಿದರು. ಬೆಳಕು ಬಂದ ಕ್ಷಣ ಏಳೂ ಮಂದಿಯ ಬಾಯಿಂದ ಒಟ್ಟಿಗೆ ‘ಹಾ’ ಎಂಬ ಶಬ್ದ ಹೊರಟಿತೆಂದು ನಡವಳಿಯಲ್ಲಿ ದಾಖಲಾಗಿದೆ. ಮೂವತ್ತಮೂರು ವರ್ಷಗಳಿಂದ, ಯಾವ ಕೊಠಡಿಯಲ್ಲಿ ದೀಪ ಬಂದರೂ ಇದೇ ಶಬ್ದ ಹೊರಡುತ್ತಿತ್ತೆಂದೂ, ಅದರ ನಂತರ ‘ಥ್ಯಾಂಕ್ಸ್’ ಎಂದವರ ದಾಖಲೆ ಎಲ್ಲಿಯೂ ಇಲ್ಲವೆಂದೂ ಅಧ್ಯಕ್ಷರು ಗಮನಿಸಿದರು.

೮. ಆದ್ದರಿಂದ ಈ ಮೂಲಕ ಆದೇಶಿಸಲಾಗಿದೆ: ಇದೇ ಶುಕ್ರವಾರ ಮೂರು ಗಂಟೆಗೆ ದೊಡ್ಡ ಹಾಲಿನಲ್ಲಿ ಸಮಾರಂಭ ನಡೆಯತಕ್ಕದ್ದು. ಪರದೆಗಳನ್ನೆಲ್ಲ ಎಳೆದು, ದೀಪಗಳನ್ನು ಆರಿಸತಕ್ಕದ್ದು. ಮೊದಲ ಸಾಲಿನ ನಂತರ ‘ಅಂಡ್ ಆಲ್ ವಿ ಹ್ಯಾವ್ ಟು ಸೇ ಈಸ್’ ಎಂಬಲ್ಲಿಗೆ ಎರಡನೇ ಸಾಲನ್ನು ನಿಲ್ಲಿಸತಕ್ಕದ್ದು. ಆಗ ಬಲ್ಬ್ ಮಾವ ಅವರ ಮನೆಯವರು ಸ್ವಿಚ್ ಒತ್ತತಕ್ಕದ್ದು. ತರುವಾಯ ಸಭಿಕರಿಂದ ಹೊರಡುವ ಶಬ್ದವನ್ನೇ ನಿಯಮ ೪(ಆ)ರ ಅಡಿಯಲ್ಲಿ ಪ್ರಾಸವೆಂದು ಭಾವಿಸತಕ್ಕದ್ದು.

೯. ಸದರಿ ಶಬ್ದವನ್ನು ಮುಂಚಿತವಾಗಿ ಅಭ್ಯಾಸ ಮಾಡತಕ್ಕದ್ದಲ್ಲ. ಅದು ತಾನಾಗಿಯೇ ಬರತಕ್ಕದ್ದು. ಶಬ್ದ ಬಾರದವರು ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.

೧೦. ಅಂದು ಬಲ್ಬ್ ಮಾವ ಅವರು ಏಣಿ ಹತ್ತುವಂತಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಮನೆಯವರ ಮುಖ ನೋಡತಕ್ಕದ್ದು. ಇಪ್ಪತ್ತೆಂಟರಲ್ಲಿ ಒಂದು ದೀಪ ಹತ್ತದಿದ್ದರೂ ಯಾರೂ ಅವರನ್ನು ಕೂಗತಕ್ಕದ್ದಲ್ಲ. ಶನಿವಾರದಿಂದ ಕೂಗಿದರೂ ಬರುವವರು ಇರುವುದಿಲ್ಲವೆಂಬುದನ್ನು ಎಲ್ಲರ ಗಮನಕ್ಕೆ ತರಲಾಗಿದೆ.

(ಸಹಿ ಇದೆ)
ಅಧೀಕ್ಷಕರು
ಬೀಳ್ಕೊಡುಗೆ ಮತ್ತು ಪ್ರಾಸ ಶಾಖೆ

ಪ್ರತಿಗಳು:
೧. ಎಲ್ಲ ಶಾಖೆಗಳಿಗೆ. ಈ ಸಲ ಓದಿ ಸಹಿ ಹಾಕುವುದು.
೨. ಕಡತ ಕೊಠಡಿಯ ಗುಮಾಸ್ತರಿಗೆ, ಅವರ ಪದವನ್ನು ಹಿಂದಿರುಗಿಸುತ್ತಾ.
೩. ದೂರುದಾರರಿಗೆ, ವಿಳಾಸ ಇನ್ನೂ ಬದಲಾಗಿಲ್ಲದ ಕಾರಣ ಹಳೆಯ ವಿಳಾಸಕ್ಕೆ.
೪. ಗೇಟಿನ ಕಾವಲುಗಾರರಿಗೆ. ಬಂದ ಉದ್ದೇಶದ ಕಾಲಂನಲ್ಲಿ ಹಿಂದಿನಂತೆಯೇ ಬರೆದು, ಒಳಗೆ ಬಿಡುವುದು.
೫. ಬಲ್ಬ್ ಮಾವ ಅವರ ಮನೆಯವರಿಗೆ, ಗಂಡನ ಕೈಯಲ್ಲಿ. ಅವರು ಹೇಳುತ್ತಾ ಬಂದದ್ದೆಲ್ಲ ನಿಜವೆಂದು ಈ ಕಚೇರಿ ದೃಢೀಕರಿಸುತ್ತದೆ.